ಲಿಬೆಟ್ ಪ್ರಯೋಗದಿಂದ ‘ಯಾರೂ ತಪ್ಪಿತಸ್ಥರಲ್ಲ’ ಎನ್ನುವವರೆಗೆ: ಈ ವಾದ ಎಲ್ಲಿ ಜಾರುತ್ತದೆ?

ಓದುಗ_ತುಂಗಾ (ಪ್ರಶ್ನೆ)

ಇಚ್ಛಾಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ಎದುರಾಗುವ ಒಂದು ವಾದವನ್ನು ನಾಲ್ಕು ಹೆಜ್ಜೆಗಳಾಗಿ ಬಿಡಿಸಿದ್ದೇನೆ.

ಒಂದು: ಕೈ ಆಡಿಸಬೇಕು ಎಂದು ನಮಗೆ ಅನ್ನಿಸುವ ಮೊದಲೇ ಮಿದುಳಿನಲ್ಲಿ ಅದರ ತಯಾರಿ ಶುರುವಾಗಿರುತ್ತದೆ (ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗ). ಎರಡು: ಹಾಗಾದರೆ ತೀರ್ಮಾನಿಸಿದ್ದು ನಾವಲ್ಲ, ಮಿದುಳು. ಮೂರು: ಮಿದುಳು ಭೌತನಿಯಮಗಳಿಗೆ ಒಳಪಟ್ಟದ್ದು, ಆದ್ದರಿಂದ ನಮ್ಮ ನಡತೆಯೆಲ್ಲ ಮೊದಲೇ ನಿಶ್ಚಿತ. ನಾಲ್ಕು: ಬೇರೆ ರೀತಿ ನಡೆಯಲು ಸಾಧ್ಯವೇ ಇರದವನನ್ನು ತಪ್ಪಿತಸ್ಥ ಎನ್ನಲಾಗದು, ಆದ್ದರಿಂದ ಹೊಗಳಿಕೆ, ತೆಗಳಿಕೆ, ಶಿಕ್ಷೆ ಯಾವುದಕ್ಕೂ ಆಧಾರವಿಲ್ಲ.

ನಾಲ್ಕನೆಯದು ಒಪ್ಪಿಗೆಯಾಗುವುದಿಲ್ಲ, ಆದರೆ ಅದಕ್ಕೆ ಮೊದಲಿನ ಯಾವ ಹೆಜ್ಜೆಯನ್ನು ತಡೆಯಬೇಕು ಎನ್ನುವುದು ಸ್ಪಷ್ಟವಾಗುತ್ತಿಲ್ಲ. ಮೊದಲ ಮೂರನ್ನು ಒಪ್ಪಿಯೂ ನಾಲ್ಕನ್ನು ಬಿಡಬಹುದೇ? ಜೊತೆಗೆ ಇನ್ನೊಂದು: ಬ್ರಹ್ಮಸೂತ್ರಗಳಲ್ಲಿ ಜೀವನು ಕರ್ತೃವೇ ಎಂಬ ಚರ್ಚೆ ಬರುತ್ತದಲ್ಲ, ಅದು ಇದೇ ಪ್ರಶ್ನೆಯೋ ಅಥವಾ ಹೆಸರಷ್ಟೇ ಹತ್ತಿರವೋ?

ನರತಂತು

ಮೊದಲ ಹೆಜ್ಜೆಯಲ್ಲೇ ಬಿರುಕಿದೆ. ಪ್ರಯೋಗ ನಡೆದ ಬಗೆಯನ್ನು ಬಿಟ್ಟು ಫಲಿತಾಂಶವನ್ನಷ್ಟೇ ಎತ್ತಿಕೊಂಡರೆ ಅದು ಕಾಣುವುದಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಪರದೆಯ ಮೇಲೆ ಬೆಳಕಿನ ಚುಕ್ಕಿಯೊಂದು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಒಂದು ಸುತ್ತಿಗೆ 2.56 ಸೆಕೆಂಡ್, ಅಂದರೆ ಗಡಿಯಾರದ ಒಂದು ಗೆರೆಯಿಂದ ಮುಂದಿನದಕ್ಕೆ ಸುಮಾರು 43 ಮಿಲಿಸೆಕೆಂಡ್. ಕೂತವರು ತಮಗೆ ಅನ್ನಿಸಿದಾಗ ಮಣಿಕಟ್ಟನ್ನು ಆಡಿಸಬೇಕು. ‘ಈಗ ಆಡಿಸಬೇಕು’ ಎಂದು ಮೊದಲು ಅನ್ನಿಸಿದಾಗ ಚುಕ್ಕಿ ಎಲ್ಲಿತ್ತು ಎಂದು ಆಮೇಲೆ ಹೇಳಬೇಕು. ಸ್ನಾಯುವಿನ ಮೇಲಿನ ಎಲೆಕ್ಟ್ರೋಡು ಚಲನೆಯ ಕ್ಷಣವನ್ನು ಗುರುತಿಸುತ್ತದೆ, ಅದೇ ಸೊನ್ನೆ. ನೆತ್ತಿಯ ಮೇಲಿನ ಎಲೆಕ್ಟ್ರೋಡುಗಳಿಂದ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆ, ದಾಖಲಾಗುತ್ತದೆ. ಮುಂಚಿತವಾಗಿ ಯೋಚಿಸದೆ ಆಡಿಸಿದಾಗ ‘ರೆಡಿನೆಸ್ ಪೊಟೆನ್ಷಿಯಲ್’ ಎಂಬ ಏರು ಸೊನ್ನೆಗಿಂತ ಸುಮಾರು 550 ಮಿಲಿಸೆಕೆಂಡ್ ಮೊದಲು ಶುರುವಾಯಿತು. ಅನ್ನಿಸಿದ ಕ್ಷಣ ಎಂದು ಜನ ಹೇಳಿದ್ದು ಸುಮಾರು 200 ಮಿಲಿಸೆಕೆಂಡ್ ಮೊದಲು. ನಡುವಿನ ಆ 350ರ ಮೇಲೆಯೇ ನಿಮ್ಮ ವಾದದ ಇಡೀ ಕಟ್ಟಡ ನಿಂತಿದೆ.

ಈಗ ತೊಂದರೆ. ಈ ಏರು ಕೆಲವೇ ಮೈಕ್ರೋವೋಲ್ಟಿನದು. ಒಂದೇ ಸಲದ ದಾಖಲೆಯಲ್ಲಿ ಅದು ಹಿನ್ನೆಲೆಯ ಏರಿಳಿತದಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ಲಿಬೆಟ್ 40 ಸಲ ಮಾಡಿಸಿ ಸರಾಸರಿ ತೆಗೆದರು. 40ರ ವರ್ಗಮೂಲ ಸುಮಾರು 6.3, ಹಿನ್ನೆಲೆಯ ಗದ್ದಲ ಅಷ್ಟು ಪಟ್ಟು ಇಳಿಯುತ್ತದೆ. ಆದರೆ ಸರಾಸರಿ ತೆಗೆಯಲು ಎಲ್ಲ ದಾಖಲೆಗಳನ್ನೂ ಚಲನೆಯ ಕ್ಷಣಕ್ಕೆ ಜೋಡಿಸಿ ಅಲ್ಲಿಂದ ಹಿಂದಕ್ಕೆ ನೋಡಬೇಕು. ಇದರ ಪರಿಣಾಮ ತಿಳಿಯಲು ಒಂದು ಕೆರೆಯನ್ನು ನೆನೆಯಿರಿ. ಕೋಡಿ ಬಿದ್ದ ದಿನಗಳನ್ನಷ್ಟೇ ಆಯ್ದು, ಪ್ರತಿಯೊಂದರ ಹಿಂದಿನ ವಾರದ ನೀರಿನ ಮಟ್ಟವನ್ನು ಕೂಡಿಸಿ ಸರಾಸರಿ ತೆಗೆದರೆ ನಿಧಾನವಾಗಿ ಏರುವ ಗೆರೆಯೇ ಸಿಗುತ್ತದೆ. ನೀರು ಏರಿ, ಕೋಡಿ ಬೀಳದೆ ಇಳಿದ ವಾರಗಳು ಲೆಕ್ಕಕ್ಕೇ ಬಂದಿಲ್ಲ. ಆ ಗೆರೆ ನೋಡಿ ‘ಕೋಡಿ ಬೀಳುವುದು ವಾರದ ಮೊದಲೇ ತೀರ್ಮಾನವಾಗಿತ್ತು’ ಎಂದರೆ ತಪ್ಪಾಗುತ್ತದೆ. 2012ರಲ್ಲಿ ಶೂರ್ಗರ್, ಸಿಟ್ ಮತ್ತು ದೆಹೆನ್ ತೋರಿಸಿದ್ದು ಹೆಚ್ಚುಕಡಿಮೆ ಇದನ್ನೇ. ಮಿದುಳಿನ ಚಟುವಟಿಕೆ ಸುಮ್ಮನೆ ಏರಿಳಿಯುತ್ತಿದ್ದು, ಒಂದು ಮಿತಿಯನ್ನು ದಾಟಿದಾಗ ಚಲನೆ ಆಗುತ್ತದೆ ಎಂಬ ಮಾದರಿಯಿಂದಲೂ ಅದೇ ಆಕಾರದ ಏರು ಬರುತ್ತದೆ. ಈ ಓದಿನಲ್ಲಿ ತೀರ್ಮಾನ ಎನ್ನಬಹುದಾದದ್ದು ಮಿತಿ ದಾಟುವ ಹೊತ್ತಿನದು, 550ರಲ್ಲಿ ಆಗಿಹೋದದ್ದಲ್ಲ.

ಆ 200 ಎಂಬ ಅಂಕಿಯೂ ಗಟ್ಟಿಯಲ್ಲ. ಬ್ಯಾಂಕ್ಸ್ ಮತ್ತು ಇಶಾಮ್ 2009ರಲ್ಲಿ ಗುಂಡಿ ಒತ್ತಿದ *ಮೇಲೆ* 5ರಿಂದ 60 ಮಿಲಿಸೆಕೆಂಡ್ ತಡವಾಗಿ ಒಂದು ಸದ್ದು ಕೇಳಿಸಿದರು. ಸದ್ದು ತಡವಾದಷ್ಟೂ ಜನ ಹೇಳುವ ‘ಅನ್ನಿಸಿದ ಕ್ಷಣ’ವೂ ಮುಂದಕ್ಕೆ ಸರಿಯಿತು. ಕೆಲಸ ಮುಗಿದ ಮೇಲಿನ ಘಟನೆ ಅದನ್ನು ಬದಲಿಸುತ್ತದೆ ಎಂದರೆ, ಆ ಕ್ಷಣವನ್ನು ನಾವು ಓದಿ ಹೇಳುತ್ತಿಲ್ಲ, ಒಂದಿಷ್ಟಾದರೂ ಆಮೇಲೆ ಕಟ್ಟಿ ಹೇಳುತ್ತಿದ್ದೇವೆ.

2008ರ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಪ್ರಯೋಗವನ್ನೂ ಇದರ ಜೊತೆ ಎಳೆದು ತರುವುದುಂಟು: ಎಡ ಗುಂಡಿಯೋ ಬಲ ಗುಂಡಿಯೋ ಎಂಬುದನ್ನು ಹಲವು ಸೆಕೆಂಡ್ ಮೊದಲೇ ಊಹಿಸಿದರು ಎಂದು. ಊಹೆ ಸರಿಯಾದದ್ದು ಸುಮಾರು 60 ಪ್ರತಿಶತ. ನಾಣ್ಯ ಚಿಮ್ಮಿದರೇ 50 ಸಿಗುತ್ತದೆ. ಅದು ಒಂದು ಒಲವನ್ನು ತೋರಿಸುತ್ತದೆ, ತೀರ್ಮಾನವನ್ನಲ್ಲ.

ಓದುಗ_ತುಂಗಾ

ಕೆರೆಯ ಹೋಲಿಕೆ ಅರ್ಥವಾಯಿತು. ಹಾಗಾದರೆ ಅರಿವಿಗೆ ಮೊದಲು ಮಿದುಳಿನಲ್ಲಿ ಏನೂ ಆಗುವುದಿಲ್ಲ ಎಂದು ಹೇಳಬಹುದೇ?

ನರತಂತು

ಇಲ್ಲ, ಅಷ್ಟು ದೂರ ಹೋಗಬೇಡಿ. ಆ ಕಡೆಗೂ ತಪ್ಪಾಗುತ್ತದೆ. 2011ರಲ್ಲಿ ಫ್ರೀಡ್ ಮತ್ತು ಸಂಗಡಿಗರು ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನೊಳಗೇ ಎಲೆಕ್ಟ್ರೋಡು ಇಡಿಸಿಕೊಂಡಿದ್ದ ರೋಗಿಗಳಲ್ಲಿ ಬಿಡಿ ನರಕೋಶಗಳನ್ನು ದಾಖಲಿಸಿದರು. ಚಲನೆಯ ತಯಾರಿಗೆ ಸಂಬಂಧಿಸಿದ ಸಪ್ಲಿಮೆಂಟರಿ ಮೋಟಾರ್ ಭಾಗದ 256 ನರಕೋಶಗಳ ಚಟುವಟಿಕೆಯಿಂದ, ರೋಗಿ ಹೇಳಿದ ಕ್ಷಣಕ್ಕಿಂತ 700 ಮಿಲಿಸೆಕೆಂಡ್ ಮೊದಲು, 80 ಪ್ರತಿಶತಕ್ಕೂ ಹೆಚ್ಚು ನಿಖರವಾಗಿ ಊಹಿಸಲು ಸಾಧ್ಯವಾಯಿತು. ಇದು ನೆತ್ತಿಯ ಮೇಲಿನ ಸರಾಸರಿಗಿಂತ ಬಲವಾದ ಪುರಾವೆ. ಇಲ್ಲೂ ಹಿಂದಕ್ಕೆ ಜೋಡಿಸಿ ನೋಡುವ ತೊಡಕು ಉಳಿದಿದೆ, ಆದರೂ ತಳ್ಳಿಹಾಕುವಂಥದ್ದಲ್ಲ.

ಆದ್ದರಿಂದ ನನ್ನ ಸಲಹೆ: ವಾದವನ್ನು ಪೂರ್ತಿಯಾಗಿ ಮೊದಲ ಹೆಜ್ಜೆಯಲ್ಲೇ ತಡೆಯಲು ಹೋಗಬೇಡಿ. ನಾಳೆ ಇನ್ನೂ ಉತ್ತಮ ಅಳತೆ ಬಂದರೆ ಆ ತಡೆ ಕುಸಿಯುತ್ತದೆ. ಎರಡನೆಯ ಹೆಜ್ಜೆಯೇ ಸರಿಯಾದ ಜಾಗ. ‘ನಾನಲ್ಲ, ಮಿದುಳು’ ಎಂದಾಗ ಮಿದುಳನ್ನು ಬಿಟ್ಟು ಬೇರೆಡೆ ನಿಂತ ‘ನಾನು’ ಒಬ್ಬನನ್ನು ಮೊದಲೇ ಊಹಿಸಿಕೊಂಡಿರುತ್ತೇವೆ. ಇನ್ನೂ ಮುಖ್ಯವಾದದ್ದು, ಮಣಿಕಟ್ಟನ್ನು ಈಗ ಆಡಿಸಲೋ ಇನ್ನೆರಡು ಸೆಕೆಂಡ್ ಬಿಟ್ಟು ಆಡಿಸಲೋ ಎನ್ನುವುದಕ್ಕೆ ಯಾವ ಕಾರಣವೂ ಇಲ್ಲ; ಹಾಗೆ ಕಾರಣವಿಲ್ಲದೆ ಮಾಡಿ ಎಂದೇ ಅವರಿಗೆ ಹೇಳಿರುತ್ತದೆ. ಯಾರನ್ನಾದರೂ ಹೊಣೆ ಮಾಡುವುದು ಇಂಥ ಚಲನೆಗಲ್ಲ. ಸುಳ್ಳು ಪತ್ರಕ್ಕೆ ಸಹಿ ಹಾಕುವುದು ದಿನಗಟ್ಟಲೆ ಲಾಭನಷ್ಟ ತೂಗಿ ಮಾಡುವ ಕೆಲಸ. ಅದರ ಕೊನೆಯ ಅರ್ಧ ಸೆಕೆಂಡಿನಲ್ಲಿ ಬೆರಳು ಹೇಗೆ ಚಲಿಸಿತು ಎಂಬುದರಿಂದ ಆ ತೂಗಾಟ ಸುಳ್ಳಾಗುವುದಿಲ್ಲ.

ಲಿಬೆಟ್ ಸ್ವತಃ ಇಚ್ಛಾಸ್ವಾತಂತ್ರ್ಯವನ್ನು ಅಲ್ಲಗಳೆಯಲಿಲ್ಲ. ಕೊನೆಯ 100–150 ಮಿಲಿಸೆಕೆಂಡಿನಲ್ಲಿ ಚಲನೆಯನ್ನು ತಡೆಯುವ ಅಧಿಕಾರ ಅರಿವಿಗೆ ಉಳಿದಿದೆ ಎಂದರು. ಆ ತಡೆಗೂ ಮಿದುಳಿನಲ್ಲಿ ಪೂರ್ವತಯಾರಿ ಇದ್ದೇ ಇರಬೇಕಲ್ಲ ಎಂಬ ಆಕ್ಷೇಪಕ್ಕೆ ಅವರ ಉತ್ತರ ನನಗೆ ದುರ್ಬಲವಾಗಿ ಕಾಣುತ್ತದೆ.

ಆನುಮಾನಿಕ

ಮೂರನೆಯ ಹೆಜ್ಜೆಯ ಬಗ್ಗೆ. ಮೊದಲು ಪದವನ್ನು ಸರಿಪಡಿಸಿಕೊಳ್ಳೋಣ, ಏಕೆಂದರೆ ಕನ್ನಡದಲ್ಲಿ ‘ನಿಯತಿವಾದ’ ಎಂದ ಕೂಡಲೇ ಹಣೆಬರಹ ನೆನಪಾಗುತ್ತದೆ. ಬುದ್ಧನ ಕಾಲದ ಆಜೀವಿಕ ಪಂಥದ ಮಕ್ಖಲಿ ಗೋಸಾಲನ ಹೆಸರಿನಲ್ಲಿ ಬೌದ್ಧ ಗ್ರಂಥಗಳು ಹೇಳುವ ನಿಯತಿಯಲ್ಲಿ ಪುರುಷಪ್ರಯತ್ನಕ್ಕೆ ಬೆಲೆಯೇ ಇಲ್ಲ. ನೀನು ಏನು ಮಾಡಿದರೂ ಆಗುವುದು ಆಗುತ್ತದೆ. ಡಿಟರ್ಮಿನಿಸಂ ಹೇಳುವುದು ಬೇರೆ: ಒಂದು ಕ್ಷಣದ ಜಗತ್ತಿನ ಪೂರ್ಣ ಸ್ಥಿತಿ ಮತ್ತು ನಿಸರ್ಗನಿಯಮಗಳು ಸೇರಿದರೆ ಮುಂದಿನದ್ದೆಲ್ಲ ತಾರ್ಕಿಕವಾಗಿ ಹೊರಡುತ್ತದೆ. ಇಲ್ಲಿ ಪ್ರಯತ್ನ ಸರಪಳಿಯ ಒಂದು ಕೊಂಡಿ. ಓದಿದ್ದರಿಂದಲೇ ಪಾಸಾದದ್ದು, ಓದುವುದೂ ನಿಶ್ಚಿತವಾಗಿತ್ತು ಅಷ್ಟೇ. ಈ ವ್ಯತ್ಯಾಸ ತಪ್ಪಿದರೆ ಮುಂದೆ ಎಲ್ಲವೂ ಕಲಸಿಹೋಗುತ್ತದೆ. ನಾನು ‘ಕಾರಣನಿಯತಿ’ ಎನ್ನುತ್ತೇನೆ.

ಕಾರಣನಿಯತಿಗೆ ಲಿಬೆಟ್ ಪ್ರಯೋಗ ಪುರಾವೆ ಕೊಡುವುದಿಲ್ಲ. ಅರ್ಧ ಸೆಕೆಂಡ್ ಮೊದಲು ಒಂದು ಸಂಕೇತ ಇದ್ದರೆ ಅದು ಹಿಂದಿನ ಸ್ಥಿತಿಯಿಂದ ಅನಿವಾರ್ಯವಾಗಿ ಹೊರಟಿತು ಎಂದಾಗುವುದಿಲ್ಲ. ಕ್ವಾಂಟಂ ಅನಿಶ್ಚಿತತೆಯಿಂದ ಸ್ವಾತಂತ್ರ್ಯ ಉಳಿಯಿತು ಎನ್ನುವುದೂ ಇಷ್ಟೇ ಅವಸರದ ಮಾತು: ಆಕಸ್ಮಿಕವಾಗಿ ಆದದ್ದು ನನ್ನದು ಹೇಗಾಗುತ್ತದೆ?

ನಿಜವಾದ ಬೆದರಿಕೆಗೆ ಇಇಜಿಯೇ ಬೇಡ. ತತ್ತ್ವಶಾಸ್ತ್ರಜ್ಞ ಪೀಟರ್ ವಾನ್ ಇನ್‌ವಾಗನ್ 1983ರಲ್ಲಿ ಕೊಟ್ಟ ರೂಪ ಹೀಗಿದೆ. ಒಂದು ಸಂಗತಿ ನಿಜವಾಗಿದ್ದು, ಅದು ನಿಜವೋ ಅಲ್ಲವೋ ಎಂಬುದು ಯಾವತ್ತೂ ಯಾರ ಆಯ್ಕೆಯಲ್ಲೂ ಇರದಿದ್ದರೆ ಅದನ್ನು ‘ಕೈಮೀರಿದ್ದು’ ಎನ್ನೋಣ. ನಿಯಮಗಳು ಎರಡು. ಅ: ತರ್ಕದಿಂದಲೇ ಅನಿವಾರ್ಯವಾದದ್ದು ಕೈಮೀರಿದ್ದು. ಆ: ‘ಪ’ ಕೈಮೀರಿದ್ದು, ‘ಪ ಆದರೆ ಫ’ ಎಂಬುದೂ ಕೈಮೀರಿದ್ದು ಎಂದಾದರೆ, ‘ಫ’ ಕೂಡ ಕೈಮೀರಿದ್ದು. ಈಗ ಕಾರಣನಿಯತಿ ನಿಜವಾದರೆ, ‘ಮನುಷ್ಯರು ಹುಟ್ಟುವ ಮೊದಲಿನ ಸ್ಥಿತಿ ಇದ್ದರೆ, ನಿಯಮಗಳು ಇದ್ದರೆ, ನಾನು ಇವತ್ತು ಸುಳ್ಳು ಹೇಳುತ್ತೇನೆ’ ಎಂಬುದು ತಾರ್ಕಿಕ ಅನಿವಾರ್ಯ. ‘ಅ’ ಪ್ರಕಾರ ಕೈಮೀರಿದ್ದು. ಹಿಂದಿನ ಸ್ಥಿತಿ ಕೈಮೀರಿದ್ದು, ‘ಆ’ ಒಮ್ಮೆ ಬಳಸಿ. ನಿಯಮಗಳು ಕೈಮೀರಿದ್ದು, ‘ಆ’ ಇನ್ನೊಮ್ಮೆ ಬಳಸಿ. ನನ್ನ ಸುಳ್ಳು ಕೈಮೀರಿದ್ದು.

ತಪ್ಪು ಹುಡುಕುವವರು ‘ಆ’ ನಿಯಮವನ್ನೇ ನೋಡಬೇಕು. 1996ರಲ್ಲಿ ಮಕೇ ಮತ್ತು ಜಾನ್ಸನ್ ತೋರಿಸಿದ ಪ್ರತ್ಯುದಾಹರಣೆ ಬಹಳ ಸರಳ. ಜೇಬಿನಲ್ಲಿದ್ದ ನಾಣ್ಯವನ್ನು ನಾನು ಇವತ್ತು ಚಿಮ್ಮಲಿಲ್ಲ, ಚಿಮ್ಮಬಹುದಿತ್ತು. ‘ಹೆಡ್ ಬೀಳಲಿಲ್ಲ’: ಕೈಮೀರಿದ್ದು, ಏಕೆಂದರೆ ಚಿಮ್ಮಿದ್ದರೂ ಹೆಡ್ಡೇ ಬೀಳುವಂತೆ ಮಾಡುವುದು ನನ್ನ ಆಯ್ಕೆಯಲ್ಲಿರಲಿಲ್ಲ. ‘ಟೇಲ್ ಬೀಳಲಿಲ್ಲ’: ಅದೇ ಕಾರಣಕ್ಕೆ ಕೈಮೀರಿದ್ದು. ಆದರೆ ‘ಹೆಡ್ಡೂ ಬೀಳಲಿಲ್ಲ, ಟೇಲೂ ಬೀಳಲಿಲ್ಲ’ ಎನ್ನುವುದು ನನ್ನ ಕೈಯಲ್ಲೇ ಇತ್ತು, ಚಿಮ್ಮಿದ್ದರೆ ಸುಳ್ಳಾಗುತ್ತಿತ್ತು. ಬಿಡಿಬಿಡಿಯಾಗಿ ಕೈಮೀರಿದ ಎರಡು ಸೇರಿದಾಗ ಕೈಗೆ ಸಿಕ್ಕಿತು. ‘ಅ’ ಮತ್ತು ‘ಆ’ ಎರಡನ್ನೂ ಒಪ್ಪಿದರೆ ಹೀಗಾಗಬಾರದು. ‘ಅ’ ನಿರ್ವಿವಾದ, ಆದ್ದರಿಂದ ಮುರಿದದ್ದು ‘ಆ’.

ಇಷ್ಟಕ್ಕೇ ವಾದ ಸತ್ತಿತು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಇನ್‌ವಾಗನ್ 2000ದಲ್ಲಿ ಆಕ್ಷೇಪವನ್ನು ಒಪ್ಪಿ, ‘ಕೈಮೀರಿದ್ದು’ ಎಂಬುದರ ಅರ್ಥವನ್ನು ಬಿಗಿಗೊಳಿಸಿದರು: ಯಾರು ಏನೇ ಮಾಡಲು ಸಾಧ್ಯವಿದ್ದರೂ, ಅದನ್ನು ಮಾಡಿದ್ದರೂ, ಸಂಗತಿ ನಿಜವಾಗಿಯೇ ಉಳಿಯುತ್ತಿತ್ತು ಎಂಬಂತೆ. ಆಗ ‘ಹೆಡ್ ಬೀಳಲಿಲ್ಲ’ ಕೈಮೀರಿದ್ದಲ್ಲ, ಚಿಮ್ಮಿದ್ದರೆ ಹೆಡ್ ಬೀಳಬಹುದಿತ್ತು. ನಾಣ್ಯದ ಆಕ್ಷೇಪ ಬಿದ್ದುಹೋಯಿತು, ಹಿಂದಿನ ಸ್ಥಿತಿ ಮತ್ತು ನಿಯಮಗಳು ಮಾತ್ರ ಹೊಸ ಅರ್ಥದಲ್ಲೂ ಕೈಮೀರಿದಂತೆಯೇ ಕಾಣುತ್ತವೆ. ಉಳಿದ ದಾರಿ ಡೇವಿಡ್ ಲೂಯಿಸ್ 1981ರಲ್ಲಿ ತೋರಿಸಿದ್ದು. ನಿಯಮವನ್ನು ಮುರಿಯುವ ಕೆಲಸ ಮಾಡಬಲ್ಲೆ ಎನ್ನುವುದು ಒಂದು. ನಾನು ಬೇರೆ ರೀತಿ ನಡೆದಿದ್ದರೆ ನಿಯಮಗಳು ಅದಕ್ಕೆ ಸ್ವಲ್ಪ ಮೊದಲೇ ತುಸು ಬೇರೆಯಾಗಿ ಇದ್ದಿರುತ್ತಿದ್ದವು ಎನ್ನುವುದು ಇನ್ನೊಂದು. ಮೊದಲನೆಯದು ಪವಾಡ, ಎರಡನೆಯದು ಅಲ್ಲ, ಸ್ವಾತಂತ್ರ್ಯಕ್ಕೆ ಎರಡನೆಯದು ಸಾಕು ಎನ್ನುತ್ತಾರೆ ಲೂಯಿಸ್. ತಾರ್ಕಿಕವಾಗಿ ಇದರಲ್ಲಿ ದೋಷ ಹುಡುಕುವುದು ಕಷ್ಟ. ಆದರೂ ‘ಬೇರೆ ಮಾಡಬಹುದಿತ್ತು’ ಎನ್ನುವಾಗ ನಾವು ಕೇಳುತ್ತಿರುವುದು ಇಷ್ಟನ್ನೇ ಏನು ಎಂಬ ಅನುಮಾನ ನನ್ನಲ್ಲಿ ಉಳಿದಿದೆ.

ಕಕ್ಷಿ_ಸಾಕ್ಷಿ

ನಾಲ್ಕನೆಯ ಹೆಜ್ಜೆಯೊಳಗೆ ಒಂದು ತತ್ತ್ವ ಸದ್ದಿಲ್ಲದೆ ಕೂತಿದೆ: ಬೇರೆ ದಾರಿ ಇದ್ದರೆ ಮಾತ್ರ ಹೊಣೆ. ತತ್ತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್ 1969ರಲ್ಲಿ ಇದನ್ನೇ ಹೊಡೆದದ್ದು. ಒಬ್ಬ ಸಾಕ್ಷಿ ಹಣದಾಸೆಗೆ ಸುಳ್ಳು ಹೇಳುತ್ತಾನೆ. ಅವನಿಗೆ ಗೊತ್ತಿಲ್ಲದಂತೆ ಮಿದುಳಿನಲ್ಲೊಂದು ಯಂತ್ರವಿದೆ. ಸತ್ಯದ ಕಡೆ ವಾಲಿದರೆ ಅದು ಸುಳ್ಳನ್ನೇ ಹೇಳಿಸುತ್ತದೆ. ಅವನು ವಾಲಲೇ ಇಲ್ಲ, ಯಂತ್ರ ಚಲಿಸಲೇ ಇಲ್ಲ. ಬೇರೆ ದಾರಿ ಇರಲಿಲ್ಲ, ಆದರೂ ಹೊಣೆ ಅವನದೇ. ಇದಕ್ಕೆ ಬಲವಾದ ಆಕ್ಷೇಪ ಒಂದಿದೆ: ವಾಲುವುದು ಯಂತ್ರಕ್ಕೆ ಮೊದಲೇ ಹೇಗೆ ತಿಳಿಯಿತು? ಮುನ್ಸೂಚನೆ ತಪ್ಪದೇ ತಿಳಿಸುತ್ತದೆ ಎಂದರೆ ಕಾರಣನಿಯತಿಯನ್ನು ಒಪ್ಪಿಯೇ ಶುರುಮಾಡಿದಂತಾಯಿತು. ತಪ್ಪಬಹುದು ಎಂದರೆ ಬೇರೆ ದಾರಿ ಉಳಿಯಿತು. ಹಾಗಾಗಿ ಒಂದು ಉದಾಹರಣೆಯಿಂದಲೇ ತತ್ತ್ವ ಬಿತ್ತು ಎನ್ನಲು ನನಗೆ ಧೈರ್ಯವಿಲ್ಲ, ಆದರೆ ಅದನ್ನು ಸ್ವಯಂಸಿದ್ಧ ಎಂದು ನಾಲ್ಕನೆಯ ಹೆಜ್ಜೆಯಲ್ಲಿ ಸೇರಿಸುವಂತಿಲ್ಲ.

ಕಾನೂನು ಈ ಪ್ರಶ್ನೆಯನ್ನು ಹೇಗೆ ಹಿಡಿಯುತ್ತದೆ ನೋಡಿ. ನ್ಯಾಯಾಲಯ ಭೌತಶಾಸ್ತ್ರ ಕೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ (2024ರ ಜುಲೈ 1ಕ್ಕೆ ಮೊದಲು ದಂಡ ಸಂಹಿತೆಯ 84) ಕೇಳುವುದು ಇಷ್ಟು: ಕೃತ್ಯ ಎಸಗುವ *ಆ ಹೊತ್ತಿನಲ್ಲಿ*, ಬುದ್ಧಿಸ್ವಾಸ್ಥ್ಯವಿಲ್ಲದ ಕಾರಣದಿಂದ, ತಾನು ಮಾಡುತ್ತಿರುವುದು ಏನೆಂದು ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂದು ತಿಳಿಯಲು ಅವನು ಅಸಮರ್ಥನಾಗಿದ್ದನೇ? ಇದರ ಮೂಲ 1843ರ ಇಂಗ್ಲೆಂಡಿನ ಮೆಕ್‌ನಾಟನ್ ನಿಯಮಗಳು. 20ನೇ ಕಲಂ ಏಳು ವರ್ಷದೊಳಗಿನ ಮಗುವನ್ನು ಪೂರ್ತಿ ಬಿಡುತ್ತದೆ. 21ನೇ ಕಲಂ ಏಳರಿಂದ ಹನ್ನೆರಡರೊಳಗೆ ತಿಳಿವಳಿಕೆ ಬಲಿತಿದೆಯೇ ಎಂದು ನೋಡುತ್ತದೆ. 23ನೆಯದು ಬಲವಂತವಾಗಿ ಅಥವಾ ಗೊತ್ತಿಲ್ಲದೆ ಅಮಲು ಕುಡಿಸಲಾಗಿತ್ತೇ ಎಂದು ಕೇಳುತ್ತದೆ. 22ರ ವಿನಾಯಿತಿಯನ್ನು ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆ. ಆದರೆ ಸಂಶಯಾತೀತವಾಗಿ ಬೇಕಿಲ್ಲ, ಸಂಭವನೀಯತೆಯ ತೂಕ ಅವನ ಕಡೆ ವಾಲಿದರೆ ಸಾಕು ಎಂದು 1964ರಲ್ಲಿ ಸುಪ್ರೀಂ ಕೋರ್ಟ್ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಹೇಳಿದೆ.

ಈ ಯಾವ ಪ್ರಶ್ನೆಗೂ ಉತ್ತರ ಕಾರಣನಿಯತಿ ನಿಜವಾದರೆ ಬದಲಾಗುವುದಿಲ್ಲ. ಎಲ್ಲವೂ ನಿಶ್ಚಿತವಾಗಿರುವ ಜಗತ್ತಿನಲ್ಲೂ ಐದು ವರ್ಷದ ಮಗುವಿಗೂ ಐವತ್ತರ ಮನುಷ್ಯನಿಗೂ ತಿಳಿಯುವ ಶಕ್ತಿಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಹೊಣೆಯನ್ನು ‘ಕಾರಣಗಳನ್ನು ಗ್ರಹಿಸಿ ಅದರಂತೆ ನಡೆಯುವ ಸಾಮರ್ಥ್ಯ’ದ ಮೇಲೆ ನಿಲ್ಲಿಸುವ ಫಿಶರ್ ಮತ್ತು ರವಿಜ್ಜಾ ಅವರ 1998ರ ಸಿದ್ಧಾಂತ ಇದಕ್ಕೆ ಹತ್ತಿರ. ಮೊದಲ ಮೂರನ್ನು ಒಪ್ಪಿ ನಾಲ್ಕನ್ನು ಬಿಡಬಹುದೇ ಎಂದು ಕೇಳಿದಿರಲ್ಲ, ಅದಕ್ಕೆ ದಾರಿ ಇದೇ.

ಆದರೆ ನಮ್ಮ ಕಲಮಿನಲ್ಲಿ ಒಂದು ನಿಜವಾದ ಕೊರತೆ ಇದೆ. ಅದು ತಿಳಿವಳಿಕೆಯನ್ನು ಅಳೆಯುತ್ತದೆ, ಹಿಡಿತವನ್ನು ಅಳೆಯುವುದಿಲ್ಲ. 2003ರಲ್ಲಿ ವರದಿಯಾದ ಅಮೆರಿಕದ ಪ್ರಕರಣವೊಂದರಲ್ಲಿ 40 ವರ್ಷದ ವ್ಯಕ್ತಿಗೆ ಕಣ್ಣಗುಳಿಯ ಮೇಲಿನ ಮುಂಮಿದುಳಿನಲ್ಲಿ ಗಡ್ಡೆ ಬೆಳೆದು, ಮಕ್ಕಳ ಬಗ್ಗೆ ಲೈಂಗಿಕ ಆಸಕ್ತಿ ತಲೆದೋರಿತು. ಗಡ್ಡೆ ತೆಗೆದಾಗ ಹೋಯಿತು, ಮತ್ತೆ ಬೆಳೆದಾಗ ಮರಳಿತು. ತಪ್ಪು ಎಂದು ಅವನಿಗೆ ತಿಳಿದಿತ್ತು, ತಡೆದುಕೊಳ್ಳಲು ಆಗುತ್ತಿರಲಿಲ್ಲ. 22ನೇ ಕಲಮಿನ ಮಾತನ್ನು ಹಾಗೇ ಹಿಡಿದರೆ ಇಂಥವನು ಹೊರಗುಳಿಯುತ್ತಾನೆ. ತಡೆಯಲಾರದ ತುಡಿತವನ್ನಷ್ಟೇ ನಮ್ಮ ನ್ಯಾಯಾಲಯಗಳು ವಿನಾಯಿತಿ ಎಂದು ಒಪ್ಪುವುದಿಲ್ಲ. ತತ್ತ್ವಶಾಸ್ತ್ರ ನಿಜವಾಗಿ ಕೆಲಸಕ್ಕೆ ಬರಬೇಕಾದ ಜಾಗ ಇದು.

ಆನುಮಾನಿಕ

ಕಕ್ಷಿ_ಸಾಕ್ಷಿ ಅವರೇ, ಇಲ್ಲಿ ಒಂದು ತಕರಾರು. ಸಾಮರ್ಥ್ಯದ ಮಾನದಂಡ ಸಾಲದು ಎನ್ನಲು ತತ್ತ್ವಶಾಸ್ತ್ರಜ್ಞ ಡೆರ್ಕ್ ಪೆರೆಬೂಮ್ ನಾಲ್ಕು ಪ್ರಕರಣಗಳನ್ನು ಮೆಟ್ಟಿಲಿನಂತೆ ಜೋಡಿಸುತ್ತಾರೆ. ಮೊದಲನೆಯದರಲ್ಲಿ ನರವಿಜ್ಞಾನಿಗಳು ಒಬ್ಬನ ಮನಸ್ಸನ್ನು ಕ್ಷಣಕ್ಷಣಕ್ಕೆ ನಡೆಸುತ್ತಾರೆ. ಎರಡನೆಯದರಲ್ಲಿ ಹುಟ್ಟುವಾಗಲೇ ಹಾಗೆ ಅಳವಡಿಸಿರುತ್ತಾರೆ. ಮೂರನೆಯದರಲ್ಲಿ ಮನೆ ಮತ್ತು ಊರು ಕಠಿಣ ತರಬೇತಿಯಿಂದ ಹಾಗೆ ರೂಪಿಸುತ್ತವೆ. ನಾಲ್ಕನೆಯದು ಸಾಮಾನ್ಯ ಕಾರಣನಿಯತಿ. ನಾಲ್ಕರಲ್ಲೂ ಅವನು ಕಾರಣಗಳಿಗೆ ಸ್ಪಂದಿಸಿಯೇ ಕೊಲೆ ಮಾಡುತ್ತಾನೆ, ನಿಮ್ಮ ಮಾನದಂಡ ಪೂರ್ತಿ ಈಡೇರುತ್ತದೆ. ಮೊದಲನೆಯದರಲ್ಲಿ ಹೊಣೆಯಿಲ್ಲ ಎಂದರೆ, ಯಾವ ಮೆಟ್ಟಿಲಲ್ಲಿ ಹೊಣೆ ಬಂತು ಎಂದು ತೋರಿಸಬೇಕು.

ಪೆರೆಬೂಮ್ ಇದರಿಂದ ಎಲ್ಲರನ್ನೂ ಬಿಟ್ಟುಬಿಡಿ ಎನ್ನುವುದಿಲ್ಲ. ಸಾಂಕ್ರಾಮಿಕ ರೋಗಿಯನ್ನು ತಪ್ಪಿಲ್ಲದೆಯೂ ಪ್ರತ್ಯೇಕವಾಗಿಡುತ್ತೇವೆ, ಹಾಗೆಯೇ ಅಪಾಯಕಾರಿಯನ್ನು ತಡೆದಿಡಬಹುದು, ಆದರೆ ನರಳಿಸಲಾಗದು ಎನ್ನುತ್ತಾರೆ. ಅಂದರೆ ತುಂಗಾ ಅವರ ನಾಲ್ಕನೆಯ ಹೆಜ್ಜೆ ಎರಡನ್ನು ಒಂದು ಮಾಡಿದೆ. ‘ಅವನಿಗೆ ಅದು ತಕ್ಕದ್ದು’ ಎಂಬ ಶಿಕ್ಷೆಗೆ ಆಧಾರ ಹೋದರೂ, ರಕ್ಷಣೆ ಮತ್ತು ಸುಧಾರಣೆಗೆ ಇರುವ ಆಧಾರ ಹೋಗುವುದಿಲ್ಲ.

ಪಡುವಣ_ಓದು

ಬ್ರಹ್ಮಸೂತ್ರದ ಪ್ರಶ್ನೆಗೆ. ಸೂತ್ರಸಂಖ್ಯೆಗಳು ಶಾಂಕರಭಾಷ್ಯದ ಎಣಿಕೆಯವು, ಬೇರೆ ಭಾಷ್ಯಗಳಲ್ಲಿ ಒಂದೆರಡು ಹಿಂದುಮುಂದಾಗಬಹುದು.

‘ಕರ್ತಾ ಶಾಸ್ತ್ರಾರ್ಥವತ್ತ್ವಾತ್’ (2.3.33): ಜೀವ ಕರ್ತೃ, ಇಲ್ಲದಿದ್ದರೆ ‘ಇದನ್ನು ಮಾಡು, ಇದನ್ನು ಬಿಡು’ ಎನ್ನುವ ಶಾಸ್ತ್ರಕ್ಕೆ ಅರ್ಥವೇ ಇರದು. ‘ಪರಾತ್ ತು ತಚ್ಛ್ರುತೇಃ’ (2.3.41): ಆದರೆ ಆ ಕರ್ತೃತ್ವ ಪರಮಾತ್ಮನಿಂದ ಬಂದದ್ದು. ಹಾಗಾದರೆ ಪಾಪಪುಣ್ಯ ಅವನದೇ ಅಲ್ಲವೇ? ‘ಕೃತಪ್ರಯತ್ನಾಪೇಕ್ಷಸ್ತು’ (2.3.42): ಅವನು ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಮಾಡಿಸುತ್ತಾನೆ, ಇಲ್ಲದಿದ್ದರೆ ವಿಧಿನಿಷೇಧಗಳು ವ್ಯರ್ಥ.

ಭೌತನಿಯಮದ ಜಾಗದಲ್ಲಿ ಈಶ್ವರನಿದ್ದಾನೆ, ಆದ್ದರಿಂದ ಪ್ರಶ್ನೆ ಅದೇ ಅಲ್ಲ. ವಾದದ ದಿಕ್ಕು ಮಾತ್ರ ಕಲಿಯುವಂಥದ್ದು. ನಿಮ್ಮ ನಾಲ್ಕು ಹೆಜ್ಜೆ ನಿಯತಿಯಿಂದ ಹೊರಟು ಹೊಣೆಯನ್ನು ಅಳಿಸುತ್ತವೆ. ಸೂತ್ರಕಾರರು ಹೊಣೆಯಿಂದ ಹೊರಟು, ಅದನ್ನು ಅಳಿಸುವ ನಿಯತಿ ಇರಲಾರದು ಎನ್ನುತ್ತಾರೆ.

ಮೂವರು ಆಚಾರ್ಯರು ಕೊಡುವ ದೃಷ್ಟಾಂತಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಶಂಕರರಿಗೆ ಈಶ್ವರ ಮಳೆಯಂತೆ: ಮಳೆ ಎಲ್ಲಕ್ಕೂ ಸಾಮಾನ್ಯ ಕಾರಣ, ಬೆಳೆಯ ಭೇದ ಬೀಜದಿಂದ. ರಾಮಾನುಜರಿಗೆ ಅವನು ಅನುಮತಿ ಕೊಡುವವನು: ಇಬ್ಬರಿಗೆ ಸೇರಿದ ಸ್ವತ್ತನ್ನು ಒಬ್ಬ ಪರಭಾರೆ ಮಾಡಲು ಇನ್ನೊಬ್ಬನ ಒಪ್ಪಿಗೆ ಬೇಕು, ಆದರೂ ಮೊದಲ ಹೆಜ್ಜೆ ಇಟ್ಟವನೇ ಫಲಕ್ಕೆ ಬಾಧ್ಯ. ಬಡಗಿಯ ದೃಷ್ಟಾಂತ ಬರುವ ಸೂತ್ರವನ್ನು (2.3.40) ಮಧ್ವರು ಓದುವ ರೀತಿ ಇನ್ನೂ ನೇರ: ಬಡಗಿ ಕೆಲಸ ಮಾಡಿಸುವವನ ಅಧೀನ, ಆದರೂ ಕೆತ್ತುವವನು ಅವನೇ. ಅಧೀನತೆ, ಕರ್ತೃತ್ವ ಎರಡೂ ನಿಜ. ದ್ವೈತದಲ್ಲಿ ಇದನ್ನೇ ದತ್ತಸ್ವಾತಂತ್ರ್ಯ ಎನ್ನುವುದು.

ಇದು ಪೆರೆಬೂಮ್ ಮೆಟ್ಟಿಲಿಗೂ ತಾಗುತ್ತದೆ. ಅಲ್ಲಿ ಮೊದಲ ಪ್ರಕರಣದ ಬಲವೆಲ್ಲ ಬೇರೊಬ್ಬರು ಆ ಮನಸ್ಸನ್ನು *ತಯಾರಿಸಿದರು* ಎಂಬುದರಲ್ಲಿದೆ. ಮಧ್ವರಲ್ಲಿ ಜೀವನ ಸ್ವಭಾವ ಅನಾದಿ. ಈಶ್ವರ ಅದನ್ನು ಹುಟ್ಟಿಸಿಲ್ಲ, ಇರುವುದನ್ನು ಅರಳಿಸುತ್ತಾನೆ. ತಯಾರಿಸಿದವನೇ ಇಲ್ಲ ಎಂದಮೇಲೆ ಮೊದಲ ಮೂರು ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಜಾರುವಂತಿಲ್ಲ.

ಆನುಮಾನಿಕ

ಇದು ನಾನು ಯೋಚಿಸಿರದ ಉತ್ತರ, ಮತ್ತು ಅರ್ಧದಷ್ಟು ಗೆಲ್ಲುತ್ತದೆ. ಈಶ್ವರನ ಮೇಲೆ ದೋಷ ಬರುವುದಿಲ್ಲ ಎಂದು ತೋರಿಸಲು ಅನಾದಿತ್ವ ಸಾಕು. ಆದರೆ ತತ್ತ್ವಶಾಸ್ತ್ರಜ್ಞ ಗೇಲನ್ ಸ್ಟ್ರಾಸನ್ ಅವರ ಪ್ರಶ್ನೆ ತಯಾರಿಸಿದವನ ಬಗ್ಗೆ ಅಲ್ಲ. ನಾನು ಮಾಡುವುದು ನಾನು ಇರುವ ರೀತಿಯಿಂದ ಬರುತ್ತದೆ, ಆ ರೀತಿಯನ್ನು ನಾನು ಆರಿಸಿಕೊಂಡೆನೇ ಎಂಬುದು ಅವರ ಪ್ರಶ್ನೆ. ಸ್ವಭಾವ ಅನಾದಿಯಾದರೆ ಯಾರೂ ಅದನ್ನು ನನ್ನ ಮೇಲೆ ಹೇರಲಿಲ್ಲ, ನಿಜ. ನಾನೂ ಆರಿಸಲಿಲ್ಲ.

ಪಡುವಣ_ಓದು

ಆರಿಸಿಕೊಂಡದ್ದು ಮಾತ್ರ ನನ್ನದು ಎಂಬ ಷರತ್ತನ್ನು ಮಧ್ವರು ಒಪ್ಪುವುದೇ ಇಲ್ಲ. ಸ್ವಭಾವ ನನಗೆ ಅಂಟಿಕೊಂಡ ಗುಣವಲ್ಲ, ಅದೇ ನಾನು. ಅದನ್ನು ಆರಿಸಲು ಅದಕ್ಕಿಂತ ಮೊದಲು ಇನ್ನೊಬ್ಬ ‘ನಾನು’ ಇರಬೇಕಾಗುತ್ತದೆ. ಮಿದುಳಿನ ಆಚೆ ನಿಂತ ‘ನಾನು’ವನ್ನು ಊಹಿಸಬೇಡಿ ಎಂದು ನರತಂತು ಎರಡನೆಯ ಹೆಜ್ಜೆಗೆ ಹೇಳಿದ್ದೂ ಇದನ್ನೇ.